ಮಹಿಳೆಯರ ಇತ್ಯಾದಿ

ನೆರೆ ಇಳಿದ ಮೂರನೆಯ ದಿನ ಪರಿಹಾರ ಕಚೇರಿಯು ಮಹಿಳೆಯರ ಅಗತ್ಯಗಳಿಗೆ ಪರಮ ಆದ್ಯತೆ ನೀಡಿತು. ಇದರಲ್ಲಿ ಅನುಮಾನ ಬೇಡ. ಶಿಬಿರವಾಗಿದ್ದ ಶಾಲೆಯ ಗೇಟಿಗೆ ಕಟ್ಟಿದ ಹತ್ತು ಮೀಟರ್ ಹತ್ತಿಬಟ್ಟೆಯ ಬ್ಯಾನರಿನ ಮೇಲೆ ಬಣ್ಣದಲ್ಲಿ ಹಾಗೆಂದೇ ಬರೆದಿತ್ತು.

ಒಳಗೆ ನೂರಿಪ್ಪತ್ತು ಹೆಂಗಸರಿದ್ದರು. ಅವರಲ್ಲೊಬ್ಬಳು ದರ್ಜಿಯಮ್ಮ. ಅವಳ ಹೊಲಿಗೆ ಯಂತ್ರ ನೀರುಪಾಲಾಗಿತ್ತು, ಸೊಂಟಕ್ಕೆ ಸಿಕ್ಕಿಸಿದ್ದ ಕತ್ತರಿಯೊಂದು ಉಳಿದಿತ್ತು. ಅವಳ ಮಗಳು ಬೆಳಗಿನಿಂದ ಮೂಲೆಯ ಬೆಂಚು ಬಿಟ್ಟು ಎದ್ದಿರಲಿಲ್ಲ. ಇದ್ದದ್ದು ಉಟ್ಟ ಬಟ್ಟೆಯೊಂದೇ. ಊಟದ ಸಾಲಿನಲ್ಲಿ ಊರಿಗೆ ಊರೇ ನಿಂತಿತ್ತು. ಹಸಿದ ಮಗಳ ಮುಖ ನೋಡಿ ದರ್ಜಿಯಮ್ಮ ಎದ್ದಳು. ನೆಟ್ಟಗೆ ಗುಮಾಸ್ತರ ಮೇಜಿಗೆ ಹೋದಳು.

“ಸಾರ್, ಮುಟ್ಟಿನ ಬಟ್ಟೆ ಬೇಕು. ಪ್ಯಾಡಾದ್ರೂ ಸರಿ.”

ಗುಮಾಸ್ತರ ಕಿವಿ ಕೆಂಪಾಯಿತು. ಪಾಪ, ಮರ್ಯಾದಸ್ಥರು. ಮನೆಯಲ್ಲೇ ಆಡದ ಮಾತನ್ನು ಸರ್ಕಾರಿ ಕಾಗದದ ಮೇಲೆ ಬರೆದಾರೆಯೇ? ಕೊಂಚ ಯೋಚಿಸಿ, “ಮಹಿಳೆಯರ ಇತ್ಯಾದಿ: ನೂರಿಪ್ಪತ್ತು” ಎಂದು ಬರೆದು ಕಳಿಸಿದರು.

ಉಗ್ರಾಣದವರು ಬಲು ಚುರುಕು. ಮಧ್ಯಾಹ್ನದೊಳಗೆ ನೂರಿಪ್ಪತ್ತು ಇತ್ಯಾದಿ ಬಂದಿಳಿದವು: ನಲವತ್ತು ಬಾಚಣಿಗೆ, ಎಪ್ಪತ್ತೊಂಬತ್ತು ಕೊಡೆ, ಒಂದು ವಾಲಿಬಾಲ್.

“ಇದನ್ನೇನ್ ಮಾಡ್ಲಿ ಸಾರ್?” ದರ್ಜಿಯಮ್ಮ ಚೆಂಡು ಹಿಡಿದು ಕೇಳಿದಳು.

“ಇತ್ಯಾದಿ ಅಂದ್ರೆ ಇತ್ಯಾದೀನೇ ತಾಯಿ. ಬೇರೆ ಬೇಕಾದ್ರೆ ಹೊಸ ಅರ್ಜಿ ಕೊಡಿ. ಏನು ಬೇಕೂಂತ ಸ್ಪಷ್ಟವಾಗಿ ಬರೀಬೇಕು. ಆ ಪದ ಮಾತ್ರ ಬರೀಬಾರದು.”

ದರ್ಜಿಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಬಿರಬಿರನೆ ಗೇಟಿಗೆ ಬಂದರೆ, ಅಲ್ಲಿ ಪರಮ ಆದ್ಯತೆ ಗಾಳಿಗೆ ಪಟಪಟ ಹಾರಾಡುತ್ತಿತ್ತು. ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಒಳ್ಳೆಯ ಹತ್ತಿ, ಮೆತ್ತಗಿದೆ. ಸೊಂಟದ ಕತ್ತರಿ ಹೊರಬಂತು. ಸಂಜೆಯ ಊಟದ ಸಾಲಿನಲ್ಲಿ ಮಗಳೇ ಎಲ್ಲರಿಗಿಂತ ಮುಂದಿದ್ದಳು.

ಮರುದಿನ ಮೇಲಧಿಕಾರಿಗಳು ತಪಾಸಣೆಗೆ ಬಂದಾಗ ಗೇಟಿನಲ್ಲಿ ‘ಪರಮ’ ಎಂಬುದಷ್ಟೇ ಉಳಿದಿತ್ತು.

“ಬ್ಯಾನರ್ ಎಲ್ರೀ?”

“ಫಲಾನುಭವಿಗಳಿಗೆ ತಲುಪಿದೆ ಸಾರ್,” ಎಂದರು ಗುಮಾಸ್ತರು, ನೆಲ ನೋಡುತ್ತ.

ಸಾಹೇಬರ ಕಣ್ಣು ತುಂಬಿ ಬಂತು. ಮೂವತ್ತು ವರ್ಷದ ಸೇವೆಯಲ್ಲಿ ಕಚೇರಿಯಿಂದ ಹೊರಟ ವಸ್ತುವೊಂದು ನಿಜಕ್ಕೂ ಹೆಂಗಸರ ಕೈ ಸೇರಿದ್ದು ಇದೇ ಮೊದಲು. ನಿಂತ ನಿಲುವಿನಲ್ಲೇ ಆದೇಶ ಹೊರಟಿತು: ಪ್ರತಿ ಮಹಿಳೆಗೆ ತಿಂಗಳಿಗೊಂದು ಬ್ಯಾನರ್.

ಈಗ ಗುಮಾಸ್ತರಿಗೂ ನಾಚಿಕೆಯಿಲ್ಲ. ಸಾಲಿನಲ್ಲಿ ಬಂದವರನ್ನೆಲ್ಲ, “ಯಾವ ಘೋಷಣೆ ಕೊಡ್ಲಿ ತಾಯಿ?” ಎಂದು ಗಟ್ಟಿಯಾಗಿಯೇ ಕೇಳುತ್ತಾರೆ.

“ಚಿಕ್ಕದು ಕೊಡಿ ಸಾರ್,” ಎನ್ನುತ್ತಾಳೆ ದರ್ಜಿಯಮ್ಮ. “ಆಶ್ವಾಸನೆ ಜಾಸ್ತಿಯಾದ್ರೆ ಬಟ್ಟೆ ಒರಟಾಗುತ್ತೆ.”