ಭಾವ ಬ್ಯಾಡ ಅಂದರು

ಕಲಿಯುವ ಹುಚ್ಚು ಹತ್ತಿದವನಿಗೆ ಮನೆಗೆ ಬಂದು ಹೋಗುವವರೆಲ್ಲ ಪಾಠದ ಸಾಮಗ್ರಿಯಾಗಿಯೇ ಕಾಣುತ್ತಾರೆ. ಪಾಂಡವಪುರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನಾನು ಮಷೀನ್ ಲರ್ನಿಂಗಿನ, ಅಂದರೆ ರಾಶಿಗಟ್ಟಲೆ ಉದಾಹರಣೆ ತೋರಿಸಿ ಕಂಪ್ಯೂಟರಿಗೆ ಕಲಿಸುವ ವಿದ್ಯೆಯ, ಆನ್‌ಲೈನ್ ಕೋರ್ಸಿಗೆ ಸೇರಿದ ಮೇಲೆ ನನ್ನ ಗತಿಯೂ ಅದೇ ಆಯಿತು. ನ್ಯೂರಲ್ ನೆಟ್‌ವರ್ಕಿನಲ್ಲಿ ಪದರದ ಮೇಲೆ ಪದರ ಇರುತ್ತದಂತೆ. ಮೊದಲ ಪದರ ಅರ್ಥವಾಗುವ ಮುಂಚೆಯೇ ನನಗೆ ಆಕಳಿಕೆ ಬರುತ್ತಿತ್ತು. ಆದರೂ ಸ್ಟಾಫ್ ರೂಮಿನಲ್ಲಿ ಕಂಪ್ಯೂಟರನ್ನು ನಾನೇ ಕಂಡುಹಿಡಿದವನಂತೆ ಕೊಚ್ಚಿಕೊಳ್ಳುತ್ತಿದ್ದೆ.

ಕೋರ್ಸಿನ ಕೊನೆಗೆ, ಹೀಗೆ ಕಲಿತು ಊಹೆ ಹೇಳುವ ಸ್ವಂತದ್ದೊಂದು ಮಾಡೆಲ್ ತಯಾರಿಸಬೇಕಿತ್ತು. ಬಂದ ನೆಂಟರು ಉಣ್ಣುತ್ತಾರೋ ಇಲ್ಲವೋ ಎಂದು ಅವರ ಮಾತಿನಿಂದಲೇ ಹೇಳುವ ಮಾಡೆಲ್ ಮಾಡಿದೆ. ಎಷ್ಟು ಮುದ್ದೆ ಕಟ್ಟಬೇಕೆಂದು ಹೆಂಡತಿ ಗೌರಿಗೆ ಮೊದಲೇ ತಿಳಿಯಲಿ ಎಂಬ ಘನ ಉದ್ದೇಶ. ಊಟಕ್ಕೆ ಕರೆದಾಗ ನೆಂಟರು ಕೊಡುವ ಮೊದಲ ಉತ್ತರಗಳನ್ನೆಲ್ಲ ಕೂಡಿಸಿ, 'ಬ್ಯಾಡ' ಎಂದವರಿಗೆಲ್ಲ 'ಉಣ್ಣುವುದಿಲ್ಲ' ಎಂದು ಗುರುತು ಹಾಕಿ ಅದಕ್ಕೆ ಕಲಿಸಿದೆ. ಆಮೇಲೆ ಅವರು ಉಂಡರೋ ಬಿಟ್ಟರೋ, ಅದನ್ನು ನೋಡಲು ಹೋಗಲಿಲ್ಲ.

ಶೀಳನೆರೆಯ ಭಾವ ನಮ್ಮ ಮೇಲೆ ಮುನಿಸಿಕೊಂಡಿದ್ದರು. ಗೃಹಪ್ರವೇಶಕ್ಕೆ ಮನೆಗೆ ಹೋಗಿ ಕರೆಯದೆ ಫೋನಿನಲ್ಲೇ ಕರೆದಿದ್ದೆ. ಅಂದಿನಿಂದ ಅಕ್ಕನನ್ನೂ ತವರಿಗೆ ಕಳಿಸಿರಲಿಲ್ಲ. ಹಬ್ಬ ಬಂದರೆ ಅಕ್ಕ ಫೋನಿನಲ್ಲಿ ಅಳುತ್ತಿದ್ದಳು. ಕಡೆಗೆ ಅವಳ ಮಾತಿಗೆ ಕಟ್ಟುಬಿದ್ದು ಭಾವ ಒಂದು ಭಾನುವಾರ ಬಂದರು. ಒಂದು ತುತ್ತು ಉಂಡರೆ ಮುನಿಸು ಮುಗಿದ ಹಾಗೆ. ಗೌರಿ ಮಾಡಿದ ನಾಟಿ ಕೋಳಿ ಸಾರಿನ ಘಮ ಬೀದಿಗೆಲ್ಲ ಹರಡಿತ್ತು.

"ಊಟಕ್ಕೇಳಿ ಬಾವ," ಅಂದೆ.

"ಬ್ಯಾಡ ಕಣ್ಲಾ, ಉಂಡ್ಕಂಡೇ ಬಂದೆ," ಅಂದರು. ಕಣ್ಣು ಮಾತ್ರ ಅಡುಗೆಮನೆಯ ಕಡೆಗಿತ್ತು.

ಮೊಬೈಲಿನಲ್ಲಿ ಆ ಮಾತನ್ನು ಮಾಡೆಲಿಗೆ ಹಾಕಿದೆ. ಖಂಡಿತ ಉಣ್ಣುವುದಿಲ್ಲ ಎಂದಿತು. "ಸರಿ ಬಾವ, ಬಲವಂತ ಮಾಡಕಿಲ್ಲ," ಎಂದುಬಿಟ್ಟೆ. ಭಾವ ಕಾದರು. ಎದ್ದು ಟವಲ್ಲು ಒದರಿದರು. ಅಷ್ಟು ನಿಧಾನವಾಗಿ ಚಪ್ಪಲಿ ಮೆಟ್ಟುವವರನ್ನು ನಾನು ಕಂಡಿಲ್ಲ. ಗೌರಿ ಹಿತ್ತಲಿನಿಂದ ಬಾಳೆ ಎಲೆ ಕೊಯ್ದು ತರುವಷ್ಟರಲ್ಲಿ ಅವರು ಬಸ್ ಸ್ಟ್ಯಾಂಡ್ ದಾರಿ ಹಿಡಿದಾಗಿತ್ತು.

"ಏನ್ ಜನ ನೀವು! ಬಾವ ಬ್ಯಾಡ ಅಂದ್ರೆ ಕೈ ಹಿಡ್ದು ಎಳ್ಕಬಂದು ಕೂರುಸ್ಬೇಕು ಅಂತ ಗೊತ್ತಿಲ್ವಾ? ಮಿಸಿನ್‌ಗೆ ನೆಂಟ್ರು ಇಲ್ಲ, ನಿಮ್ಗೂ ಇಲ್ವಾ?" ಎಂದು ಗೌರಿ ಎಲೆಯನ್ನು ನನ್ನ ಮುಂದೆ ಬಿಸಾಕಿದಳು.

ಮರುದಿನ ಹೆದರಿ ಏನೂ ತಿನ್ನದೆ ಶೀಳನೆರೆಗೆ ಹೋದೆ. ಮಾಡೆಲಿನ ಕಥೆಯನ್ನೆಲ್ಲ ಹೇಳಿ ಕೈಮುಗಿದೆ. ಅಕ್ಕ ಎಲೆ ಹಾಸಿ, "ಬಾ ಕಣಪ್ಪ, ಉಣ್ಣು," ಎಂದಳು.

"ಬ್ಯಾಡ ಕಣಕ್ಕ, ಈಗಿನ್ನೂ ಉಂಡ್ಕಂಡೇ ಬಂದೆ," ಎಂದಿತು ನನ್ನ ಬಾಯಿ.

"ಬ್ಯಾಡ ಅಂತಾವ್ನಲ್ಲ, ಬಲವಂತ ಮಾಡ್ಬ್ಯಾಡ ಬುಡಮ್ಮಿ," ಎಂದು ಭಾವ ಮೀಸೆಯಡಿ ನಕ್ಕರು. "ಹಬ್ಬಕ್ಕೆ ನೀನು ಅವನ ಮನೆಗೋಗಿ ಉಂಡ್ಕಂಡು ಬಾ."

ಅಕ್ಕನ ಮುಖ ಅರಳಿತು. ನನಗೂ ಆನಂದವೇ. ಭಾವ ನನ್ನೆದುರೇ ಮುದ್ದೆ ಮುರಿದು ಸಾರಿಗೆ ಅದ್ದಿದರು. ಒಂದೇ ಒಂದು ಉದಾಹರಣೆಯಲ್ಲಿ ಅವರು ಎಲ್ಲವನ್ನೂ ಕಲಿತುಬಿಟ್ಟಿದ್ದರು. ಇನ್ನೊಂದು ಸಲ ಕರೆದಾರೆಂದು ಖಾಲಿ ಎಲೆಯನ್ನೇ ನೋಡುತ್ತ ಕೂತಿದ್ದವನು ನಾನು.