ಭಟ್ಟರು ಬಳಸುವ ಚಾಕು

ವಿಜಯನಗರದ ಮಾರ್ಕೆಟ್ ರಸ್ತೆಯಲ್ಲಿ ನನ್ನದೊಂದು ಪಾತ್ರೆ ಅಂಗಡಿ. ಮೊದಲೆಲ್ಲ ಚಾಕು ಕೊಳ್ಳಲು ಬಂದವರು ಅಲಗಿನ ಮೇಲೆ ಹೆಬ್ಬೆರಳಾಡಿಸಿ, "ಚೂಪಾಗಿದ್ಯಾ?" ಎಂದು ಕೇಳಿ ತೆಗೆದುಕೊಂಡು ಹೋಗುತ್ತಿದ್ದರು. ಈಗ ಮೊಬೈಲಿನಲ್ಲಿ ಯಾವುದೋ ಶೆಫ್‌ನ ವಿಡಿಯೋ ತೋರಿಸಿ, "ಇಂಥದ್ದೇ ಬೇಕು" ಅನ್ನುತ್ತಾರೆ. ಸುಂಕದಕಟ್ಟೆಯ ಕುಲುಮೆಯ ಯಜಮಾನರು ಹಳೇ ಗರಗಸದ ಬ್ಲೇಡಿನಿಂದ ಮಾಡುವ ಚಾಕುಗಳನ್ನು ನಮ್ಮಪ್ಪನ ಕಾಲದಿಂದ ಮಾರುತ್ತಿದ್ದೇವೆ. ಅವನ್ನು ಕಣ್ಣೆತ್ತಿ ನೋಡುವವರಿಲ್ಲ. ನನಗೆ ಹೊಟ್ಟೆ ಉರಿಯುತ್ತದೆ, ಆದರೆ ನಗುವುದಕ್ಕೇನೂ ಬರವಿಲ್ಲ.

ಜರ್ಮನಿಯೋ ಜಪಾನೋ

ಒಂದು ಮಧ್ಯಾಹ್ನ ಇಬ್ಬರು ಹುಡುಗರು ಬಂದರು. "ಅಣ್ಣ, ಜಪಾನ್ ಚಾಕು ಇದ್ಯಾ?" ಎಂದ ಒಬ್ಬ.

ನಾನು ಬಾಯಿ ತೆರೆಯುವ ಮೊದಲೇ ಇನ್ನೊಬ್ಬ, "ಜಪಾನ್ ಬೇಡ ಮಗಾ, ಸ್ವಲ್ಪ ಒತ್ತಿದ್ರೆ ಚಕ್ಕೆ ಎದ್ದೋಗುತ್ತೆ. ದೊಡ್ಡ ಶೆಫ್‌ಗಳೆಲ್ಲ ಜರ್ಮನ್ದೇ ಹಿಡಿಯೋದು" ಎಂದ.

"ಲೋ, ಅದು ಮಚ್ಚಿನ ಥರ ಭಾರ ಕಣೋ. ಈರುಳ್ಳಿ ಹೆಚ್ಚೋದಾ, ಮರ ಕಡಿಯೋದಾ?"

ಅರ್ಧ ಗಂಟೆ ಹೀಗೇ ನಡೆಯಿತು. ಕುಕ್ಕರ್ ಗ್ಯಾಸ್ಕೆಟ್ ಕೊಳ್ಳಲು ಬಂದವರೂ ನಿಂತು ಕೇಳತೊಡಗಿದರು. ಕೊನೆಗೆ ನಾನೇ, "ಅದಿರ್ಲಿ, ದಿನಾ ಏನೇನು ಅಡುಗೆ ಮಾಡ್ಕೋತೀರಪ್ಪಾ?" ಎಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. "ಅಡುಗೆನಾ? ನಾವು ಪಿಜಿಲಿ ಇರೋದು ಅಣ್ಣ. ಅಲ್ಲಿ ಸ್ಟೌವ್ ಇಡೋಕೇ ಬಿಡಲ್ಲ."

ಹೋಗದ ಕಲೆ

ನಮ್ಮ ಹಿಂದಿನ ರಸ್ತೆಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಸಾರ್ ಇದ್ದಾರೆ. ಟಿವಿಯ ಶೆಫ್ ಒಬ್ಬರು ಬಳಸುತ್ತಾರೆಂದು, ಅಲಗಿನ ಮೇಲೆಲ್ಲ ಅಲೆ ಅಲೆಯಾಗಿ ಗೆರೆಗಳಿರುವ ಚಾಕುವನ್ನು ಎಲ್ಲಿಂದಲೋ ತರಿಸಿದರು. ಟವೆಲಿನಲ್ಲಿ ಸುತ್ತಿ ತಂದು ನನಗೆ ದರ್ಶನ ಮಾಡಿಸಿಯೂ ಹೋದರು.

ನಾಲ್ಕು ದಿನ ಬಿಟ್ಟು ಅವರ ಮನೆಯವರು ಅದೇ ಚಾಕುವನ್ನು ಚೀಲದಲ್ಲಿ ಹಾಕಿಕೊಂಡು ಬಂದರು.

"ಈ ಕಲೆ ಹೇಗೆ ತೆಗೆಯೋದು ಹೇಳಿ. ತುಕ್ಕು ಹಿಡಿದಿರೋದನ್ನ ಇವರ ತಲೆಗೆ ಕಟ್ಟಿದಾರೆ. ಮೂರು ದಿನದಿಂದ ಹುಣಸೇಹಣ್ಣು ಹಾಕಿ ಉಜ್ತಾ ಇದೀನಿ. ಉಜ್ಜಿದಷ್ಟೂ ಎದ್ದು ಕಾಣ್ತಿದೆ!"

"ಅಮ್ಮ, ಅದು ಕಲೆ ಅಲ್ಲ, ಡಿಸೈನು. ಹುಳಿ ತಾಗಿದ್ರೆ ಇನ್ನೂ ಕಪ್ಪಾಗುತ್ತೆ" ಎಂದೆ. ಅವರು ನಂಬಲಿಲ್ಲ.

ಸಂಜೆ ಸಾರ್ ಬಂದರು. ಮುಖದಲ್ಲಿ ಹಬ್ಬ. "ನೋಡಿ ಇವ್ರೇ, ಅಲೆ ಹೇಗೆ ಎದ್ದು ಬಂದಿದೆ! ಒಳ್ಳೆ ಚಾಕು ಬಳಸೋರ ಕೈಗುಣದಿಂದ ಅರಳುತ್ತೆ ಅಂತ ಶೆಫ್ ಹೇಳಿದ್ರು."

ಕೈಗುಣವೇ ಹೌದು ಎಂದೆ. ಯಾರ ಕೈ ಎಂದು ಹೇಳಲಿಲ್ಲ.

ಬೋರ್ಡು

ಕುಲುಮೆಯ ಯಜಮಾನರು ಬಸ್ಸಿನಲ್ಲಿ ಚಾಕುಗಳ ಕಟ್ಟು ತಂದರು. ಹೋದ ಸಲದ್ದೇ ನೇತಾಡುತ್ತಿರುವುದನ್ನು ನೋಡಿ, "ಇರ್ಲಿ ಬಿಡಪ್ಪ, ವಾಪಸ್ ತಗೊಂಡು ಹೋಗ್ತೀನಿ. ಇನ್ಮೇಲೆ ಚಾಕು ಮಾಡೋದೇ ನಿಲ್ಲಿಸಿದ್ರಾಯ್ತು" ಎಂದರು. ನನಗೆ ತುಂಬಾ ಸಂಕಟವಾಯಿತು. ಕಟ್ಟನ್ನು ಕಿತ್ತುಕೊಂಡು ಒಳಗಿಟ್ಟೆ. ಅವರು ಹೋದ ಮೇಲೆ ಒಂದು ಬೋರ್ಡು ಬರೆದು ತೂಗುಹಾಕಿದೆ: "ಹೆಸರಾಂತ ಅಡುಗೆ ಭಟ್ಟರು ಬಳಸುವ ಚಾಕು ಇಲ್ಲಿ ದೊರೆಯುತ್ತದೆ."

ಹೆಸರು ಬರೆಯಲಿಲ್ಲ, ನಿಜ. ಆದರೆ ನಮ್ಮ ಕಡೆ ಹೆಸರಾಂತ ಭಟ್ಟರೆಂದರೆ ಬಸವೇಶ್ವರನಗರದ ಒಬ್ಬರೇ. ಅವರು ಯಾವತ್ತು ಬಿಡುವಾಗಿದ್ದಾರೆಂದು ಕೇಳಿಕೊಂಡೇ ಜನ ಮುಹೂರ್ತ ಇಡಿಸುತ್ತಾರೆ. ಅವರ ಕೈಯಲ್ಲಿ ಯಾವ ಚಾಕು ಇರುತ್ತದೆಂದು ನಾನು ಕಂಡವನೇ ಅಲ್ಲ.

"ಅವರೇ ಬಂದು ಕೇಳಿದ್ರೆ ಏನು ಹೇಳ್ತೀರಿ?" ಎಂದಳು ನನ್ನ ಹೆಂಡತಿ.

"ಮದುವೆ ಸೀಸನ್ ಕಣೇ, ಅವರಿಗೆ ಪುರುಸೊತ್ತೆಲ್ಲಿ?"

ಆಷಾಢ ಅನ್ನುವುದೊಂದಿದೆ ಎಂಬುದೇ ನನಗೆ ಮರೆತುಹೋಗಿತ್ತು.

ಭಟ್ಟರು ಬಂದರು

ಆಷಾಢ ಬಂತು, ಮದುವೆಗಳು ನಿಂತವು, ಭಟ್ಟರು ಬಂದರು. ಆ ಹೊತ್ತಿಗೆ ಬ್ಯಾಂಕ್ ಸಾರ್ ತಮ್ಮ ವಾಕಿಂಗ್ ಗೆಳೆಯರು ನಾಲ್ವರನ್ನು ನನ್ನ ಬೋರ್ಡು ತೋರಿಸಲೆಂದೇ ಕರೆತಂದಿದ್ದರು.

"ಯಾರ್ರೀ ಈ ಬೋರ್ಡು ಹಾಕಿದ್ದು?" ಎಂದರು ಭಟ್ಟರು. "ಮದುವೆ ಮನೇಲಿ ಜನ ಪಾಯಸ ಹೇಗಿದೆ ಅನ್ನೋದು ಬಿಟ್ಟು, ಚಾಕು ತೋರಿಸಿ ಭಟ್ಟರೇ ಅಂತಾರೆ!"

ಅಂಗಡಿಯ ಮರ್ಯಾದೆಯೂ ಹೋಯಿತು, ಯಜಮಾನರ ಚಾಕುವೂ ಹೋಯಿತು ಅಂದುಕೊಂಡೆ. ಸಾಲದ್ದಕ್ಕೆ ಸಾರ್, "ನೀವೇ ಹೇಳಿ ಭಟ್ಟರೇ, ಇದು ನಿಮ್ಮ ಚಾಕುನೇನಾ?" ಎಂದರು.

ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳ ಅನ್ನುತ್ತಾರೆ. ಇದ್ದ ಜಗಳವೇ ಸಾಕೆಂದು ಗಲ್ಲಾ ಮೇಲಿಟ್ಟೆ. ಭಟ್ಟರು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಸುಂಕದಕಟ್ಟೇದಲ್ವಾ? ಹೂಂ, ಇದೇ. ನಮ್ಮ ಹುಡುಗರು ಅಲ್ಲಿಂದಲೇ ತರೋದು. ಹತ್ತು ವರ್ಷದಿಂದ ನನ್ನ ಹತ್ರ ಇರೋದು ಇದೇ."

ನನಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಐವರೂ ಒಂದೊಂದು ಚಾಕು ಎತ್ತಿಕೊಂಡರು. ಸಾರ್ ಜೇಬಿನಿಂದ ಪುಟ್ಟ ಡೈರಿ ತೆಗೆದರು. "ಇದರಲ್ಲಿ ವಿಶೇಷವಾಗಿ ಏನು ಹೆಚ್ತೀರಿ ಭಟ್ಟರೇ?"

"ಹೆಚ್ಚೋದಾ? ತರಕಾರಿಗೆ ಹೆಂಗಸರು ಬೇರೆ ಬರ್ತಾರೆ ಸಾರ್, ಅವರದ್ದೆಲ್ಲ ಈಳಿಗೆಮಣೆ. ನಾನು ಇದರಲ್ಲಿ ಎಣ್ಣೆ ಪ್ಯಾಕೆಟ್ ಕೊಯ್ಯೋದು, ಅಷ್ಟೇ."

ಐದು ಚಾಕುಗಳೂ ವಾಪಸ್ ಬಂದವು ಅಂದುಕೊಂಡೆ. ಸಾರ್ ಒಂದು ಕ್ಷಣ ಯೋಚಿಸಿ, ಪೆನ್ನಿನ ಮುಚ್ಚಳ ತೆಗೆದು, ಅತ್ಯಂತ ಗಂಭೀರವಾಗಿ ಕೇಳಿದರು:

"ಮೂಲೆಯಿಂದಲೋ, ಮಧ್ಯದಿಂದಲೋ?"