ಕೆಳಗಿನ ಲೈನಿನ ನೀರು

ಬ್ಲೀಚಿಂಗ್ ಪೌಡರಿನ ವಾಸನೆ ಬಂದರೆ ಡಾಕ್ಟರ್ ಜಯಕುಮಾರನಿಗೆ ಹೊಸಕೋಟೆಯ ಅಜ್ಜಿ ಮನೆಯ ಬಾವಿ, ಅದರ ಸುತ್ತ ಸೇರುತ್ತಿದ್ದ ಜನ, ಗಲಗಲ ಮಾತು ಎಲ್ಲ ನೆನಪಾಗುತ್ತಿತ್ತು. ಇವತ್ತು ಮಾತ್ರ ಎದೆ ಧಸಕ್ಕೆಂದಿತು. ಆ ವಾಸನೆ ಬಂದದ್ದು ಕೂಲಿ ಮನೆಗಳ ಸಾಲಿನಲ್ಲಿ, ಕೆಳಗಿನ ಲೈನಿನ ನೀರಿನ ಕೊಡದಿಂದ. ಅಲ್ಲಿ ಅದು ಬರಲೇಕೂಡದು!

ಯಾವುದರಿಂದ ಯಾವ ರೋಗ ಬಂತು, ಯಾವುದರಿಂದ ಹೋಯಿತು ಎಂದು ಪತ್ತೆ ಹಚ್ಚುವುದನ್ನು ಕಾಲೇಜಿನಲ್ಲಿ ಕಲಿಸುವವನು ಅವನು. "ಕೋಳಿ ಕೂಗಿದ್ದಕ್ಕೇ ಬೆಳಗಾಯ್ತು ಅನ್ನಬೇಡಿ. ಹೋಲಿಸಿ ನೋಡಿ" ಎನ್ನುವುದು ಅವನ ಮಂತ್ರ. ವನಗೂರಿನ ಈ ಎಸ್ಟೇಟಿನಲ್ಲಿ ಚೀಟಿ ಎತ್ತಿ, ಮೇಲಿನ ಲೈನಿನ ಕೂಲಿಯವರಿಗೆ ನೀರು ಶುದ್ಧ ಮಾಡುವ ಬ್ಲೀಚಿಂಗ್ ಮಾತ್ರೆ ಕೊಟ್ಟಿದ್ದ. ಕೆಳಗಿನ ಲೈನಿನ ಪಾಳಿ ಮುಂದಿನ ತಿಂಗಳು. ಅಷ್ಟರಲ್ಲಿ ಭೇದಿ ಎಲ್ಲಿ ಕಡಿಮೆ ಎಂದು ನೋಡಿ, ಸೋಮವಾರ ವಿದ್ಯಾರ್ಥಿಗಳ ಮುಂದೆ ಹೇಳಬೇಕಿತ್ತು. ಪಕ್ಷಪಾತ ಬೇಡವೆಂದು ಯಾರ ಮನೆಯ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ಸಂಜೆಯಾದರೆ ಸ್ಟೋರಿನ ಪಕ್ಕದ ಕೋಣೆಯಲ್ಲಿ ಬ್ರೆಡ್ಡು ತಿನ್ನುತ್ತ, ಎರಡೂ ಲೈನಿನ ನಗು ಕೇಳಿಸಿಕೊಳ್ಳುತ್ತ, ಮದುವೆ ಮನೆಯ ಬಾಗಿಲಲ್ಲಿ ಉಳಿದ ಒಂಟಿ ಚಪ್ಪಲಿಯ ಹಾಗೆ ಕೂತಿರುತ್ತಿದ್ದ.

"ಹುಚ್ಚಣ್ಣ, ನಿಮ್ಮ ಕೊಡಕ್ಕೆ ಮಾತ್ರೆ ಹೇಗೆ ಬಂತು?"

"ಮೇಲ್ಗಡೆ ಲೈನಿನ ಭೂತಮ್ಮಕ್ಕ ಕೊಟ್ಲು ಸಾ. ನೀವು ಬಯ್ತೀರ ಅಂತ ಹೇಳ್ಲಿಲ್ಲ."

ಅದೇ ದಾರಿಯಲ್ಲಿ ಬಂದ ಭೂತಮ್ಮ ಸೌದೆ ಹೊರೆ ಇಳಿಸಿ ನಿಂತಳು. "ನನ್ ಮಕ್ಳು ಒಳ್ಳೆ ನೀರು, ನನ್ ತಂಗಿ ಮಕ್ಳು ಕೆಟ್ ನೀರು ಕುಡೀಬೇಕಾ ಡಾಕ್ಟ್ರೇ? ಚೀಟಿ ಎತ್ತಿದ್ರೆ ಸಂಬಂಧ ಹೊಂಟೋಯ್ತದಾ? ಮೊದಲ್ನೇ ದಿನವೇ ಪಾಲು ಮಾಡ್‌ಬುಟ್ಟೆ."

"ಅಯ್ಯೋ, ಹೋಲಿಸೋಕೆ ಮಾತ್ರೆ ಹಾಕದ ಜನ ಬೇಕಲ್ಲಮ್ಮ ನನಗೆ!"

"ಪಾಪ, ರೈಟರ್ ಮನೆ ಲೈನಲ್ಲಿಲ್ಲ, ಅಲ್ಲಿ ಕೇಳಿ ನೋಡಿ ಸಾ" ಎಂದ ಹುಚ್ಚಣ್ಣ.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗುಂಡಯ್ಯನ ಮನೆಗೆ ಜಯಕುಮಾರ ಓಡಿದ. ಗುಂಡಯ್ಯನ ಹೆಂಡತಿ ಕಲ್ಯಾಣಮ್ಮ ನೀರಿನ ಲೋಟ ಹಿಡಿದೇ ಬಂದಳು. "ಕುಡೀರಿ ಸಾ, ಭೂತಮ್ಮ ಕೊಟ್ಟ ಮಾತ್ರೆ ಹಾಕೈತೆ." ಅಂಗಳದಲ್ಲಿ ನಾಯಿ ನೆಕ್ಕುತ್ತಿದ್ದ ತಟ್ಟೆಯಿಂದಲೂ ಅದೇ ವಾಸನೆ!

ಲೋಟ ಮುಟ್ಟದೆ ವಾಪಸು ಹೊರಟವನಿಗೆ ದಾರಿಯಲ್ಲೇ ಭೇದಿ ಶುರುವಾಯಿತು. ಸಂಜೆಯವರೆಗೆ ಅವನು ಕೋಣೆಗೂ ಪಾಯಖಾನೆಗೂ ಗಡಿಯಾರದ ಲೋಲಕವಾದ.

ನೋಡಲು ಬಂದ ಹುಚ್ಚಣ್ಣ ಕೇಳಿದ, "ನೀವು ಯಾವ ನೀರು ಕುಡೀತಿದ್ರಿ ಸಾ?"

"ಹಳ್ಳದ್ದು... ಹಾಗೇ. ಮಾತ್ರೆಯೆಲ್ಲ ನಿಮಗೆ ಅಂತ..."

ಹುಚ್ಚಣ್ಣನ ಮುಖ ಅರಳಿತು. "ಮಾತ್ರೆ ಇಲ್ದೋರು ಸಿಕ್ರಲ್ಲ ಮತ್ತೆ! ಇಡೀ ಎಸ್ಟೇಟಲ್ಲಿ ಭೇದಿ ನಿಮ್ಗೊಬ್ರಿಗೇಯ!"

"ಒಬ್ಬನನ್ನ ನೋಡಿ ಏನೂ ಹೇಳೋಕಾಗಲ್ಲ ಮಾರಾಯ," ಜಯಕುಮಾರ ನರಳಿದ. "ಅದನ್ನೇ ನಾನು ಪಾಠ ಮಾಡೋದು."

ಭೂತಮ್ಮ ಯಾವಾಗ ಒಳಗೆ ಬಂದಳೋ ಗೊತ್ತಾಗಲಿಲ್ಲ. ಬಿಸಿ ಗಂಜಿಯ ಬಟ್ಟಲನ್ನು ಸೆರಗಿನಲ್ಲಿ ಹಿಡಿದು ಅವನ ಕೈಗೆ ಕೊಟ್ಟಳು.